ಘಡಿ ಮುರಿಯದ ಗಿಫ್ಟ್ ಕಾರ್ಡು

ಕಳೆದ ತಿಂಗಳು ಒಂದು ಮಧ್ಯಾಹ್ನ ನಾನು ಬೀದರಿನ ಹೊಸ ಹೋಟೆಲೊಂದರ ರಿಸೆಪ್ಷನ್ ಕೌಂಟರಿನ ಮುಂದೆ ನಿಂತು, ಒಂದು ಗಿಫ್ಟ್ ಕಾರ್ಡಿನ ಮೇಲೆ ಅಂಟಿಕೊಂಡಿದ್ದ ಅರಿಶಿನ ಕುಂಕುಮವನ್ನು ಉಗುರಿನಿಂದ ಕೆರೆಯುತ್ತಿದ್ದೆ.

ಪಕ್ಕದಲ್ಲಿ ನನ್ನ ಹೆಂಡತಿ ಕಸ್ತೂರಿ. ಅವಳ ಪಕ್ಕದಲ್ಲಿ ಸೂಟ್‌ಕೇಸ್. ಹಿಂದೆ, ಕೋಟೆ ನೋಡಲು ಹೈದರಾಬಾದಿನಿಂದ ಬಂದಿದ್ದ ಒಂದು ಕುಟುಂಬ. ನಾನು ಮಾಡುತ್ತಿರುವುದು ಈ ಕಡೆಯ ಯಾವುದೋ ಆಚರಣೆಯಿರಬೇಕು ಎಂಬಂತೆ ಅವರು ಗೌರವದಿಂದ ನೋಡುತ್ತಿದ್ದರು.

"ಜರಾ ಗಟ್ಟಿ ಒರಸ್ರಿ ಸರ್, ಕಡೀ ನಂಬರ್ ಕಾಣವಲ್ದು," ಎಂದಳು ಕೌಂಟರಿನ ಹುಡುಗಿ ಫರ್ಹೀನ್.

ಒರೆಸಿದೆ. ನಂಬರ್ ಕಂಡಿತು. ಅವಳು ಕಂಪ್ಯೂಟರಿನಲ್ಲಿ ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಆಮೇಲೆ ದನಿ ಇಳಿಸಿ, ರೋಗಿಯ ಮನೆಯವರಿಗೆ ಡಾಕ್ಟರು ಹೇಳುವ ಹಾಗೆ ಹೇಳಿದಳು.

"ಇದು ಖಾಲಿ ಅದ ಸರ್. ಯೂಸ್ ಆಗಿಬಿಟ್ಟದ."

"ಎಲ್ಲಿ ಯೂಸ್ ಆಗ್ಯಾದವ್ವಾ?"

"ಇಲ್ಲೇ ರಿ. ಕೆಳಗ ನಮ್ಮ ರೆಸ್ಟೋರೆಂಟ್‌ದಾಗ. ಊಟಕ್ಕ. ದೊಡ್ಡ ಫ್ಯಾಮಿಲಿ ಟೇಬಲ್ ಇತ್ತು ಕಾಣ್ತದ."

ಕಸ್ತೂರಿ ನನ್ನ ಕಡೆ ನೋಡಿದಳು. ಮದುವೆಯಾದವರಿಗೆ ಆ ನೋಟದ ವಿವರಣೆ ಬೇಕಾಗಿಲ್ಲ. ಆಗದವರಿಗೆ ವಿವರಿಸಿ ಪ್ರಯೋಜನವಿಲ್ಲ.

ಈ ಕಾರ್ಡುಗಳು ನಮ್ಮ ಮನೆಗೆ ಬಂದದ್ದು ಹೇಗೆಂದು ಮೊದಲು ಹೇಳಿಬಿಡುತ್ತೇನೆ. ಕಳೆದ ವರ್ಷ ನಾನು ಕಾಲೇಜಿನ ನೌಕರಿಯಿಂದ ನಿವೃತ್ತನಾದೆ. ತರ್ಕಶಾಸ್ತ್ರ ನನ್ನ ವಿಷಯ. (ಕೊನೆಯ ಕೆಲವು ವರ್ಷ ಅದನ್ನು ಆರಿಸಿಕೊಳ್ಳುವವರಿಲ್ಲದೆ ಕನ್ನಡ ಪತ್ರಿಕೆಯ ಉತ್ತರ ತಿದ್ದುತ್ತಿದ್ದೆ, ಆ ಮಾತು ಇರಲಿ.) ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳು ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಒಂದು ಬಂಗಾರ ಬಣ್ಣದ ಲಕೋಟೆ ಕೊಟ್ಟರು. ಒಳಗೆ ಎರಡು ಪ್ರೀಪೇಯ್ಡ್ ಗಿಫ್ಟ್ ಕಾರ್ಡು. ಒಂದು ಕಾರ್ಡಿಗೆ ಹೋಟೆಲಿನಲ್ಲಿ ಒಂದು ದಿನ. ಎರಡು ಕಾರ್ಡಿಗೆ ಎರಡು ದಿನ. ಬೇರೆ ಬೇರೆ ಊರುಗಳಲ್ಲಿರುವ ಒಂದಷ್ಟು ಹೋಟೆಲುಗಳಲ್ಲಿ ಎಲ್ಲಿ ಬೇಕಾದರೂ ನಡೆಯುತ್ತದೆ, ವರ್ಷದೊಳಗೆ ಉಪಯೋಗಿಸಬೇಕು.

ಯಾರೋ ಮೊದಲೇ ಹಣ ಕಟ್ಟಿರುತ್ತಾರೆ. ನಾವು ಹೋಗಿ ಮಲಗಿದರೆ ಆಯಿತು. ಜಗತ್ತಿನಲ್ಲಿ ಯಾವುದಾದರೂ ಇಷ್ಟು ಸುಲಭವಾಗಿ ಕಂಡರೆ ನನಗೆ ಸಂಶಯ ಬರುತ್ತದೆ. ನಿಮಗೆ ಬರುವುದಿಲ್ಲವೆ?

ಕಸ್ತೂರಿಗೆ ಬರಲಿಲ್ಲ. ಅವಳಿಗೆ ಬಂದದ್ದು ಆಸೆ.

ಅದಕ್ಕೆ ಕಾರಣವಿದೆ. ಮದುವೆಯಾದಾಗಿನಿಂದ ನಾವು ಕಂಡ ರಜೆಗಳೆಲ್ಲ ನೆಂಟರ ಮನೆಯ ರಜೆಗಳು. ನಮ್ಮ ಕಡೆ ಒಂದು ಊರಿನಲ್ಲಿ ನಿಮ್ಮವರ ಮನೆ ಇದ್ದು ನೀವು ಹೋಟೆಲಿನಲ್ಲಿ ಉಳಿದಿರೋ, ಅದು ಅಪಮಾನ, ನಿಮ್ಮ ಮೊಮ್ಮಕ್ಕಳ ಲಗ್ನದ ತನಕ ನೆನಪಿಡುವ ಅಪಮಾನ. ಹಾಗಾಗಿ ಹೈದರಾಬಾದಿಗೆ ಹೋದರೆ ನಮ್ಮ ಕಾಕಾನ ಮನೆ. ಹೋದ ಮರುಗಳಿಗೆಯೇ ಕಸ್ತೂರಿ ಅಡುಗೆಮನೆಗೆ. ಕಾಕಾನ ಮನೆಯಲ್ಲಿ ಜೀರಿಗೆ ಡಬ್ಬಿ ಯಾವ ಶೆಲ್ಫಿನಲ್ಲಿದೆ ಎಂದು ಅವಳಿಗೆ ಗೊತ್ತು. ಚಾರ್ಮಿನಾರ್ ಹತ್ತಿರದಿಂದ ಹೇಗೆ ಕಾಣುತ್ತದೆ ಎಂದು ಗೊತ್ತಿಲ್ಲ.

"ಎರಡು ದಿನ ಸಾಕ್ರಿ," ಎಂದಳು. "ನಾ ಏಳೂದ್ರಾಗ ಯಾರಾದ್ರೂ ಚಹಾ ತಂದು ಇಡಬೇಕು. ಹಾಸಿಗಿ ನಾ ತೆಗೀಬಾರದು. ಇವತ್ತ ಏನ್ ಅಡಿಗಿ ಅಂತ ಒಬ್ಬರೂ ಕೇಳಬಾರದು. ಮತ್ತೇನೂ ಬ್ಯಾಡ ನನಗ."

ಯಾವ ಊರಿಗೆ ಹೋಗೋಣ ಎಂದು ಕೇಳಿದೆ. ಗೋವಾ ಅನ್ನುತ್ತಾಳೆಂದು ನನ್ನ ಊಹೆ.

"ಬೀದರ್," ಎಂದಳು.

ನಾವು ಇರುವುದೇ ಬೀದರಿನಲ್ಲಿ. ನೌಬಾದದಲ್ಲಿ.

"ಬ್ಯಾರೆ ಊರಿಗೆ ಹೋದ್ರ ಅಲ್ಲಿ ನಮ್ಮವರು ಇರ್ತಾರ. ಗೊತ್ತಾತಂದ್ರ ಸಿಟ್ಟಾಗ್ತಾರ, ಇಲ್ಲಾ ಮನಿಗೆ ಎಳಕೊಂಡು ಹೋಗ್ತಾರ. ಬೀದರ್‌ನ್ಯಾಗ ಇದ್ರ ನಾವು ಮನ್ಯಾಗೇ ಇದ್ದೀವಿ ಅಂತ ತಿಳೀತಾರ. ಯಾರೂ ಹುಡುಕಂಗಿಲ್ಲ."

ಮೂವತ್ತು ಚಿಲ್ಲರೆ ವರ್ಷ ತರ್ಕ ಕಲಿಸಿದ ನಾನು ಈ ವಾದದಲ್ಲಿ ಒಂದು ತೂತು ಹುಡುಕಿದೆ. ಸಿಗಲಿಲ್ಲ.

ವರ್ಷ ಮುಗಿಯುತ್ತ ಬಂದಾಗ ಸೂಟ್‌ಕೇಸ್ ಕಟ್ಟಿ, ನೆರೆಯವರಿಗೆ ಹೈದರಾಬಾದಿಗೆ ಎಂದು ಹೇಳಿ, ಆಟೋ ಹತ್ತಿದೆವು. ಆಟೋದವನು ಸೂಟ್‌ಕೇಸ್ ನೋಡಿ, "ಯಾವ ಊರ್ಲಿಂದ ಬಂದ್ರಿ ಸಾಹೇಬ್ರ?" ಎಂದು ಕೇಳಿದ. ನೌಬಾದದಿಂದ ಎಂದೆ. ಅವನು ಕನ್ನಡಿಯಲ್ಲಿ ನಮ್ಮನ್ನು ನೋಡಿದ, ಕಸ್ತೂರಿಯನ್ನು ಇನ್ನೊಮ್ಮೆ ನೋಡಿದ. ಏನು ತಿಳಿದುಕೊಂಡನೋ.

ಈಗ ಕೌಂಟರಿಗೆ ವಾಪಸ್ ಬರೋಣ.

ಮೊದಲ ಕಾರ್ಡು ಸರಾಗವಾಗಿ ನಡೆದಿತ್ತು. ಒಂದು ದಿನ ಗಟ್ಟಿ. ಎರಡನೆಯದು ಖಾಲಿ. ಯಾರೋ ಕೆಳಗಿನ ರೆಸ್ಟೋರೆಂಟಿನಲ್ಲಿ ಕುಳಿತು ನನ್ನ ಹೆಂಡತಿಯ ಎರಡನೇ ದಿನವನ್ನು ಉಂಡು ಎದ್ದಿದ್ದರು.

ಯಾರು?

ಈ ಪ್ರಶ್ನೆ ಬೇರೆ ಯಾವ ಗಂಡಸಿಗೆ ಬಂದಿದ್ದರೂ ಅವನು ಹೋಟೆಲಿನವರ ಮೇಲೆ ರೇಗುತ್ತಿದ್ದ. ಮ್ಯಾನೇಜರನ್ನು ಕರೆಸುತ್ತಿದ್ದ. ನಾನು ಲಾಬಿಯ ಸೋಫಾದಲ್ಲಿ ಕುಳಿತು ನನ್ನನ್ನೇ ವಿಚಾರಣೆಗೆ ಒಳಪಡಿಸಿದೆ. ವಿಶ್ವವಿದ್ಯಾಲಯದಲ್ಲಿ ಓದಿದ್ದರ ಫಲ ಇದು.

ಕಾಲೇಜಿನಲ್ಲಿ ಪ್ರತಿವರ್ಷ ಒಂದು ಪ್ರಯೋಗ ಮಾಡುತ್ತಿದ್ದೆ. ಪಾಠದ ನಡುವೆ ನಮ್ಮ ಅಟೆಂಡರ್ ಒಳಗೆ ಬಂದು ಮೇಜಿನ ಮೇಲಿನ ಡಸ್ಟರ್ ಎತ್ತಿಕೊಂಡು ಹೋಗುತ್ತಿದ್ದ. ವಾರದ ನಂತರ ಹುಡುಗರನ್ನು ಕೇಳುತ್ತಿದ್ದೆ, ಅವತ್ತು ಏನಾಯಿತು? ಕೆಲವರು ಹಾಜರಿ ಪುಸ್ತಕ ಒಯ್ದ ಎನ್ನುತ್ತಿದ್ದರು. ಕೆಲವರ ಪ್ರಕಾರ ಅವನು ಟೋಪಿ ಹಾಕಿದ್ದ. ಒಬ್ಬಳಂತೂ, ಹೋಗುವಾಗ ನಿಮಗೆ ನಮಸ್ಕಾರ ಮಾಡಿದ ಸರ್, ಎಂದಳು. (ಆ ಅಟೆಂಡರ್ ನನ್ನ ಇಡೀ ಸರ್ವಿಸಿನಲ್ಲಿ ನನಗೆ ನಮಸ್ಕಾರ ಮಾಡಿದವನಲ್ಲ.) ನೋಡಿ, ನೆನಪು ಅಂದರೆ ಫೋಟೋ ಅಲ್ಲ, ಪ್ರತಿಸಲ ಹೊಸದಾಗಿ ಬರೆಯುವ ಕತೆ, ಎಂದು ನಾನು ಗಂಭೀರವಾಗಿ ಹೇಳುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು.

ಈ ಪಾಠವನ್ನು ಮನೆಯಲ್ಲಿಯೂ ಹೇಳಿದ್ದು ಎಡವಟ್ಟಾಯಿತು. ಕಾಲೇಜಿನಲ್ಲಿ ನನ್ನ ಸಂಶಯ ಒಂದು ಗುಣ. ಮನೆಯಲ್ಲಿ ಅದು ಒಂದು ಸೌಕರ್ಯ. ಬೀಗದ ಕೈ ಕಾಣದಿದ್ದರೆ ಇಟ್ಟವನು ನಾನು. ಗ್ಯಾಸ್ ಆರಿಸದಿದ್ದರೆ ಹಚ್ಚಿದವನು ನಾನು. ನಾನು ಅಲ್ಲವೇ ಅಲ್ಲ ಎಂದು ಎದೆ ತಟ್ಟಿ ಹೇಳುವವನಲ್ಲವಲ್ಲ. "ಇರಬಹುದು" ಎನ್ನುತ್ತೇನೆ. ಒಂದು ಮನೆಯಲ್ಲಿ "ಇರಬಹುದು" ಅನ್ನುವ ಒಬ್ಬ ಮನುಷ್ಯ ಇದ್ದರೆ ಸಾಕು, ಉಳಿದವರೆಲ್ಲ ನಿರ್ದೋಷಿಗಳು.

ಸೋಫಾದಲ್ಲಿ ಕುಳಿತು ಯೋಚಿಸಿದೆ. ಈ ರೆಸ್ಟೋರೆಂಟಿಗೆ ನಾನು ಬಂದದ್ದುಂಟು. ಸಹೋದ್ಯೋಗಿಯೊಬ್ಬರ ಮಗಳ ರಿಸೆಪ್ಷನ್. ಅಥವಾ ಅದು ಬೇರೆ ಹೋಟೆಲೋ? ಅವತ್ತು ಕಾರ್ಡು ಜೇಬಿನಲ್ಲಿತ್ತೆ? ಯಾರಿಗಾದರೂ ಊಟ ಹಾಕಿಸಿದೆನೆ? ಹಳೆಯ ವಿದ್ಯಾರ್ಥಿಗಳು ಸಿಕ್ಕರೆ ನಾನು ಉದಾರಿಯಾಗುವುದುಂಟು. ಎದ್ದು ನಡೆದಾಡಿದೆ. ಕುಳಿತೆ. ಮತ್ತೆ ಎದ್ದೆ.

ಒಂದೇ ಒಂದು ಸಂಗತಿ ಕಾಡುತ್ತಿತ್ತು. ಎರಡೂ ಕಾರ್ಡು ಅಲ್ಮಾರಿಯಲ್ಲಿ ಒಂದೇ ಕಡೆ ಇದ್ದವು. ಹಾಗಾದರೆ ಅರಿಶಿನ ಕುಂಕುಮ ಒಂದಕ್ಕೆ ಮಾತ್ರ ಯಾಕೆ?

"ಇದಕ್ಕ ನೀನು ಕುಂಕುಮ ಹಚ್ಚಿದ್ಯಾ?"

"ಶುಕ್ರವಾರ ದೇವರ ಜಗಲಿ ಮ್ಯಾಲ ಇಟ್ಟಿದ್ನಲ್ಲ, ಹತ್ತಿರಬೇಕು," ಎಂದಳು ಕಸ್ತೂರಿ, ಗೋಡೆಯ ಮೇಲಿನ ಕೋಟೆಯ ಚಿತ್ರ ನೋಡುತ್ತ.

"ಎರಡೂ ಇಟ್ಟಿದ್ರ ಎರಡಕ್ಕೂ ಹತ್ತಬೇಕಲ್ಲ?"

"ನಿಮಗ ನೆನಪಿಲ್ಲ ಬಿಡ್ರಿ."

ನಿಜ. ನೆನಪಿರಲಿಲ್ಲ.

ಆಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಬೀಗದ ಕೈ ಮರೆಯುವುದು ಬೇರೆ. ದೊಡ್ಡ ಫ್ಯಾಮಿಲಿ ಟೇಬಲ್ ತುಂಬ ಜನರಿಗೆ ಊಟ ಹಾಕಿಸಿ ಮರೆಯುವುದು ಬೇರೆ. ನಾನು ಎದ್ದು ನಿಂತೆ.

"ಕಸ್ತೂರಿ, ಇದು ಚಲೋ ಲಕ್ಷಣ ಅಲ್ಲ. ರೂಮ್ ಬ್ಯಾಡ. ಮನಿಗೆ ಹೋಗೋಣ. ಇವತ್ತೇ ಹೈದರಾಬಾದ್ ಗಾಡಿ ಹಿಡಿದು ಕಾಕಾನ ಮನಿಗೆ ಹೋಗಿ, ನಾಳಿ ಮುಂಜಾನಿ ದೊಡ್ಡ ಡಾಕ್ಟರಿಗೆ ತೋರಸ್ತೇನಿ."

ಸೂಟ್‌ಕೇಸಿಗೆ ಕೈ ಹಾಕಿಯೂಬಿಟ್ಟೆ. ಕಸ್ತೂರಿ ಅದರ ಹಿಡಿಕೆಯನ್ನು ಇನ್ನೊಂದು ಕಡೆಯಿಂದ ಹಿಡಿದಳು. ಅವಳ ಮುಖದಲ್ಲಿ ಒಂದು ದೊಡ್ಡ ಲೆಕ್ಕಾಚಾರ ನಡೆಯುತ್ತಿತ್ತು. ಒಂದು ಕಡೆ ನಾಳೆ ಬೆಳಿಗ್ಗೆಯ ಚಹಾ. ಇನ್ನೊಂದು ಕಡೆ ಕಾಕಾನ ಮನೆಯ ಅಡುಗೆಮನೆ. ನಡುವೆ ಅವಳು ಇಷ್ಟು ಹೊತ್ತು ಬಾಯಿ ಮುಚ್ಚಿ ಕಾಪಾಡಿದ್ದ ಯಾವುದೋ ಒಂದು.

ಚಹಾ ಗೆದ್ದಿತು.

"ಕೂಡ್ರಿ ಇಲ್ಲಿ," ಎಂದಳು. "ನೀವು ಉಂಡಿಲ್ಲ. ನಿಮಗೇನೂ ಆಗಿಲ್ಲ. ಒಂದು ಕಾರ್ಡ್ ನಾ ಔರಾದ್‌ಗೆ ಆಹೇರಿ ಮಾಡಿದ್ದೆ."

ಆಹೇರಿ ಗೊತ್ತಿಲ್ಲದ ದಕ್ಷಿಣದ ಓದುಗರಿಗಾಗಿ ಒಂದು ಮಾತು. ಲಗ್ನ, ಜವಳ, ಕುಬಸ, ಗೃಹಪ್ರವೇಶ, ಯಾವುದೇ ಇರಲಿ, ಹೋದವರು ಸೀರೆಯೋ ಜಂಪರ್ ಪೀಸೋ ಕೊಡಬೇಕು, ಬಂದವರಿಗೂ ಕೊಟ್ಟು ಕಳಿಸಬೇಕು. ಅದೇ ಆಹೇರಿ. ಹಾಗೆ ಬಂದದ್ದನ್ನು ಉಡುವವರು ಕಡಿಮೆ. ಅದು ಟ್ರಂಕಿಗೆ ಹೋಗುತ್ತದೆ, ಮುಂದಿನ ಕಾರ್ಯಕ್ರಮದಲ್ಲಿ ಇನ್ನೊಬ್ಬರ ಟ್ರಂಕಿಗೆ. ನನ್ನ ಸನ್ಮಾನದ ಶಾಲುಗಳು ಇಡೀ ಜಿಲ್ಲೆ ಸುತ್ತಿ ಒಮ್ಮೆ ನನಗೇ ವಾಪಸ್ ಹೊದಿಸಲ್ಪಟ್ಟಿವೆ.

ಇದರಲ್ಲಿ ಮೋಸವಿಲ್ಲ. ನಿಯಮ ಒಂದೇ. ಘಡಿ ಮುರಿದಿರಬಾರದು. ಅಂದರೆ ಸೀರೆಯ ಮೊದಲ ಮಡಿಕೆ ಬಿಚ್ಚಿರಬಾರದು, ಉಟ್ಟಿರಬಾರದು. ಘಡಿ ಮುರಿಯದ ಸೀರೆ ಎಷ್ಟು ಕೈ ದಾಟಿದರೂ ಹೊಸದೇ. ಘಡಿ ಮುರಿದದ್ದನ್ನು ಕೊಟ್ಟರೆ ಮಾತ್ರ ಆ ಮನೆತನದ ಮಾನ ಹೋಯಿತು.

ಔರಾದಿನಲ್ಲಿ ಕಸ್ತೂರಿಯ ತಮ್ಮನ ಮನೆ. ಆರು ತಿಂಗಳ ಹಿಂದೆ ಅವನ ಮಗನ ಜವಳ, ಅಂದರೆ ಮೊದಲ ಕೂದಲು ತೆಗೆಸುವ ಕಾರ್ಯ. ಟ್ರಂಕಿನಲ್ಲಿ ತಮ್ಮನ ಹೆಂಡತಿ ಸವಿತಾಳಿಗೆ ಒಪ್ಪುವ ಸೀರೆ ಇರಲಿಲ್ಲ. ಕಸ್ತೂರಿ ಬಂಗಾರದ ಲಕೋಟೆಯಲ್ಲಿ ಒಂದು ಕಾರ್ಡು ಹಾಕಿ ಕೊಟ್ಟಿದ್ದಳು.

"ನಿನ್ನ ಎರಡು ದಿನದಾಗ ಒಂದು ದಿನ ಕೊಟ್ಟಿದ್ಯಾ?"

"ಒಂದು ದಿನ ಸಾಕು ಅನಿಸ್ತು ಅವತ್ತ. ಮ್ಯಾಲೆ ನೀವೇ ಅಂದ್ರಿ, ಈ ಹೋಟೆಲ್ ಗೀಟೆಲ್ ಎಲ್ಲಾ ಪೇಟಿಯವರ ಆಟ, ಕೊಟ್ಟು ಬಿಡು ಅಂತ."

ಅಂದೆನೆ? ನೆನಪಿಲ್ಲ. ಆದರೆ ನಾನು ಅನ್ನುವಂಥ ಮಾತೇ ಅದು. ಏನೆಂದು ನಿರಾಕರಿಸಲಿ?

"ಹಂಗಾದ್ರ ಅಲ್ಮಾರ್ಯಾಗ ಎರಡು ಹ್ಯಾಂಗ ಇದ್ವು?"

"ಪಂಚಮಿಗೆ ಭಾಲ್ಕಿಗೆ ಹೋಗಿದ್ನಲ್ಲ, ಇಂದಕ್ಕ ನನಗ ಉಡಿ ತುಂಬಿ ಒಂದು ಕೊಟ್ಳು. ಕುಂಕುಮ ಹತ್ತಿದ್ದು. ಹಿಂಥಾದು ಅಕೀಗೂ ಯಾರೋ ಕೊಟ್ಟಾರ, ಹೊಸಾದು, ಅಂತ ನಾ ತಿಳಕೊಂಡೆ. ಒಂದು ಹೋತು, ಒಂದು ಬಂತು. ನನ್ನ ಎರಡು ದಿನ ನನಗ ಬಂದ್ವು ಅಂತ ಎಷ್ಟು ಖುಷಿ ಆಗಿತ್ತು ಗೊತ್ತದ ಏನ್ರಿ."

ಇಂದಕ್ಕ ಅಂದರೆ ಇಂದುಮತಿ, ಕಸ್ತೂರಿಯ ಅಕ್ಕ, ಭಾಲ್ಕಿಯವಳು. ಈಗ ಚಿತ್ರ ಪೂರ್ತಿಯಾಯಿತು. ಬೀದರಿನಿಂದ ಹೊರಟ ಕಾರ್ಡು ಔರಾದಿಗೆ ಹೋಗಿ, ಔರಾದಿನಿಂದ ಭಾಲ್ಕಿಗೆ ಹೋಗಿ, ಭಾಲ್ಕಿಯಿಂದ ನಮ್ಮ ಅಲ್ಮಾರಿಗೆ ಬಂದು ತನ್ನ ಜೋಡಿಯ ಪಕ್ಕದಲ್ಲಿ ಕುಳಿತಿತ್ತು. ಅಲ್ಮಾರಿಯಲ್ಲಿ ಎರಡು ಕಾರ್ಡು ಎಂಬ ನನ್ನ ನೆನಪು ಮೊದಲೂ ಸರಿ, ಆಮೇಲೂ ಸರಿ. ನಡುವೆ ಜಗತ್ತು ಒಂದು ಸುತ್ತು ತಿರುಗಿ ಬಂದದ್ದು ಮಾತ್ರ ನನಗೆ ತಿಳಿದಿರಲಿಲ್ಲ.

"ಕೌಂಟರ್ ಮುಂದೇ ಹೇಳಬಹುದಿತ್ತಲ್ಲ? ನನಗ ಹುಚ್ಚು ಹಿಡಿಯೂದು ಬಾಕಿ ಇತ್ತು."

"ಮಂದಿ ಮುಂದ ನಮ್ಮಕ್ಕ ಖಾಲಿ ಕಾರ್ಡ್ ಉಡಿಯಾಗ ಹಾಕ್ಯಾಳ ಅಂತ ಹ್ಯಾಂಗ ಹೇಳ್ಲಿ?" ಎಂದಳು. ಆಮೇಲೆ ಸ್ವಲ್ಪ ಮೆತ್ತಗೆ, "ನೀವಾದ್ರ ಮರತೀನಿ ಅಂತ ನಂಬ್ತೀರಿ. ನಿಮಗ ರೂಢಿ ಅದ."

ರೂಮಿಗೆ ಹೋದೆವು. ಒಂದು ದಿನವಂತೂ ಇತ್ತಲ್ಲ. ಕಸ್ತೂರಿ ಹಾಸಿಗೆಯ ಅಂಚಿನಲ್ಲಿ ಕುಳಿತು ಅಕ್ಕನಿಗೆ ಫೋನ್ ಹಚ್ಚಿದಳು. ಜಗಳಕ್ಕಲ್ಲ, ಖಾತ್ರಿಗೆ. ಅಲ್ಲಿಂದ ಬಂದ ದನಿ ನನಗೂ ಕೇಳಿಸಿತು.

"ಅದಾ? ಅದು ಸವಿತಾ ಕೊಟ್ಟಿದ್ದವಾ. ನಾ ನೋಡ್ದೆ, ಮುದ್ದಿ ಆಗಿದ್ದಿಲ್ಲ, ಕಲಿ ಬಿದ್ದಿದ್ದಿಲ್ಲ, ಲಕೋಟಿ ಸುದ್ದಾ ಹೊಸಾದು. ಘಡಿ ಮುರಿದಿಲ್ಲ ಅಂತ ನಿನಗ ಕೊಟ್ಟೆ. ಖಾಲಿನಾ? ಕಾರ್ಡ್ ಖಾಲಿ ಹ್ಯಾಂಗ ಆಗ್ತದ? ತೂಕ ಅಷ್ಟೇ ಇತ್ತು." ಆಮೇಲೆ ಒಮ್ಮೆಲೇ, "ನೀ ಎಲ್ಲಿದ್ದೀ ಈಗ?"

ಕಸ್ತೂರಿಗೆ ಸುಳ್ಳು ಹೇಳಲು ಬರುವುದಿಲ್ಲ. (ನನ್ನ ಬಳಿ ಹೇಳಿದ್ದು ಸುಳ್ಳಲ್ಲವಂತೆ, ಸುಮ್ಮನಿದ್ದದ್ದಂತೆ.) ಹೋಟೆಲ್ ಹೆಸರು ಹೇಳಿದಳು.

ಮರುದಿನ ಬೆಳಿಗ್ಗೆ ಬಾಗಿಲು ಬಡಿದರು. ಟ್ರೇಯಲ್ಲಿ ಚಹಾ. ಕಸ್ತೂರಿ ದಿಂಬಿಗೆ ಒರಗಿ ಕುಳಿತು ಕುಡಿದಳು. ಅರ್ಧ ಕಪ್ಪಿನ ತನಕ ಅಲ್ಲಿಂದ ಕದಲಲಿಲ್ಲ. ಅವಳು ಬೆಳಗಿನ ಹೊತ್ತು ಅಷ್ಟು ಸಮಯ ಕುಳಿತದ್ದನ್ನು ನಾನು ನೋಡಿದ್ದೇ ಇಲ್ಲ ಎಂದು ಬರೆಯಲು ಹೊರಟಿದ್ದೆ. ನೋಡಿದ್ದು ನೆನಪಿಲ್ಲ ಎಂದು ಬರೆಯುವುದು ಸರಿ.

ಉಳಿದರ್ಧ ಕಪ್ಪಿಗೆ ಮತ್ತೆ ಬಾಗಿಲು ಬಡಿದರು. ಭಾಲ್ಕಿಯ ಇಂದಕ್ಕ. ಕೈಯಲ್ಲಿ ಬುತ್ತಿ. ಅವಳು ಕೂರುವಷ್ಟರಲ್ಲಿ, ಅವಳ ಫೋನಿನಿಂದ ಸುದ್ದಿ ತಿಳಿದ ಔರಾದಿನ ಸವಿತಾ. ಅವಳ ಕೈಯಲ್ಲಿಯೂ ಬುತ್ತಿ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ. ನಮ್ಮ ರೂಮು ಕ್ಷಣದಲ್ಲಿ ಬಸ್ ಸ್ಟ್ಯಾಂಡಿನ ಪಕ್ಕದ ಖಾನಾವಳಿಯಾಯಿತು. ಕಸ್ತೂರಿ ಕಪ್ಪು ಕೆಳಗಿಟ್ಟು, ತಟ್ಟೆ ಹುಡುಕಲು ಎದ್ದಳು.

ಮುಗಿಯಿತು ರಜೆ, ಅಂದುಕೊಂಡೆ.

"ಕೂಡು," ಎಂದಳು ಇಂದಕ್ಕ. "ಇವತ್ತ ನೀ ಏಳಬ್ಯಾಡ. ಸವಿತಾ ಬಡಸ್ತಾಳ. ಉಂಡವರು ಬಡಸಲಿ."

ಸವಿತಾಳ ಕಣ್ಣಲ್ಲಿ ನೀರು ಬರುವುದಿತ್ತು. ಆದರೆ ಅವಳ ಬಳಿ ವಾದವಿತ್ತು, ಅದನ್ನು ಕಸ್ತೂರಿಯ ಮುಂದಿಟ್ಟಳು.

"ಅಕ್ಕಾ, ನೀವು ಹೋಟೆಲ್ ಕಾರ್ಡ್ ಅಂದ್ರಿ. ಹೋಟೆಲ್‌ಗೆ ಹೋಗಿ ಮಂದಿ ಏನ್ ಮಾಡ್ತಾರ? ಉಣತಾರ. ಉಂಡ್ವಿ. ಮಲಗೂದಿದ್ರ ಲಾಡ್ಜ್ ಕಾರ್ಡ್ ಅಂತಿದ್ರಿ."

"ಅದಿರಲಿ. ಉಂಡ ಮ್ಯಾಲ ಅದನ್ನ ನನಗ ಯಾಕ ಕೊಟ್ಟಿ?" ಇಂದಕ್ಕ ಬಿಡಲಿಲ್ಲ.

"ಹೋಟೆಲ್‌ನವರು ವಾಪಸ್ ಕೊಟ್ರಲ್ರಿ ಮತ್ತ. ಖಾಲಿ ಆಗಿದ್ರ ಅವರೇ ಇಟ್ಕೋತಿದ್ರು. ಕೂಪನ್ ಇಟ್ಕೋತಾರ, ಟಿಕೆಟ್ ಹರೀತಾರ. ಕಾರ್ಡ್ ವಾಪಸ್ ಕೊಟ್ರು ಅಂದ್ರ ಇನ್ನಾ ನಡೀತದ ಅಂತ ಅರ್ಥ. ರೇಷನ್ ಕಾರ್ಡ್ ತಿಂಗಳಾ ತಿಂಗಳಾ ನಡ್ಯಂಗಿಲ್ಲೇನು? ನಿಮ್ಮ ಕಡೀ ಇದ್ರ ನೀವೂ ಒಂದ್ ಸಲ ಉಣ್ಲಿ ಅಂತ ಕೊಟ್ಟೆ."

"ಮತ್ತ ಅದರ ಮ್ಯಾಲ ಅಷ್ಟು ಕುಂಕುಮ?" ಇದು ನನ್ನ ಪ್ರಶ್ನೆ. ತಡೆಯಲಾಗಲಿಲ್ಲ.

"ಒಂದು ಕಡೀ ಕೆರದಂಗ ಕಾಣ್ತಿತ್ರಿ. ಕೊಡೂ ವಸ್ತು ಚಂದ ಕಾಣಲಿ ಅಂತ ಅಲ್ಲಿ ಜರಾ ದಪ್ಪ ಹಚ್ಚಿದೆ," ಎಂದಳು ಸವಿತಾ.

ಕಾರ್ಡಿನ ಘಡಿ ಇರುವುದೇ ಅಲ್ಲಿ, ಗುಪ್ತ ನಂಬರ್ ಮುಚ್ಚಿರುವ, ಬಳಸುವಾಗ ಕೆರೆಯುವ ಆ ಪಟ್ಟಿಯಲ್ಲಿ. ಅದನ್ನು ಅವಳು ಮುಗ್ಧವಾಗಿ ಮುಚ್ಚಿದಳೋ, ಜಾಣತನದಿಂದ ಮುಚ್ಚಿದಳೋ? ಈ ಪ್ರಶ್ನೆಗೆ ಮೂವರು ಹೆಂಗಸರ ಮುಖ ನೋಡಿದೆ. ಯಾರಿಗೂ ಉತ್ತರ ಬೇಕಾಗಿದ್ದಂತೆ ಕಾಣಲಿಲ್ಲ.

ಅಷ್ಟರಲ್ಲಿ ಫರ್ಹೀನ್ ಬಂದಳು. ಹೊರಗಿನ ಊಟ ರೂಮಿನಲ್ಲಿ ನಡೆಯುವುದಿಲ್ಲವೆಂದು ಹೇಳಲು ಬಂದವಳು. ಇಂದಕ್ಕ ಅವಳ ಕೈಗೊಂದು ರೊಟ್ಟಿ, ಮೇಲೆ ಶೇಂಗಾ ಚಟ್ನಿ ಇಟ್ಟಳು. ಹುಡುಗಿ ಒಂದು ಕ್ಷಣ ಕಾನೂನಿನ ಕಡೆ, ಒಂದು ಕ್ಷಣ ರೊಟ್ಟಿಯ ಕಡೆ ನೋಡಿ, "ಬಾಗಿಲಾ ಹಾಕ್ಕೋರಿ ಅಮ್ಮಿ," ಎಂದು ಹೋದಳು.

ಇಲ್ಲಿಗೆ ನಗೆಯಲ್ಲಿ ಮುಗಿಯಬೇಕಿತ್ತು. ಆದರೆ ಸವಿತಾ ರೊಟ್ಟಿ ಮುರಿಯುತ್ತ ಒಂದು ಮಾತು ಬಿಟ್ಟಳು.

"ಜನವಾಡದಾಗ ಕಾಶವ್ವತ್ತಿ ಬಸ್ ಹತ್ತಿದ್ಳು. ಎಲ್ಲಿಗೆ ಹೊಂಟೀ ಅಂದ್ಳು. ಅಕ್ಕಾನ ಹೋಟೆಲ್ ಕಾರ್ಡ್ ಖಾಲಿ ಬಂದದ, ನೋಡಲಿಕ್ಕ ಹೊಂಟೇನಿ ಅಂದೆ."

ಇಂದಕ್ಕ ಚಟ್ನಿಯ ಡಬ್ಬಿ ಕೆಳಗಿಟ್ಟಳು. ಕಾಶವ್ವ ಈ ಮೂವರಿಗೂ ದೂರದ ಸೋದರತ್ತೆ. ಸುದ್ದಿಗೆ ಮಾತ್ರ ಹತ್ತಿರದವಳು.

"ಯಾರು ಖಾಲಿ ಮಾಡಿದ್ರು ಅಂತ ಕೇಳಿದ್ಳಾ?" ಇಂದಕ್ಕ.

"ಕೇಳಿದ್ಳು. ಅಷ್ಟೊತ್ತಿಗೆ ಸ್ಟ್ಯಾಂಡ್ ಬಂತು."

ಈಗ ಸಂಕಟ ನೋಡಿ. ನಿಜ ಹೇಳಿದರೆ ಸವಿತಾ ಘಡಿ ಮುರಿದ ಆಹೇರಿ ಕೊಟ್ಟವಳು. ಇಂದಕ್ಕ ಅದನ್ನು ಸರಿಯಾಗಿ ನೋಡದೆ ತಂಗಿಯ ಉಡಿಗೆ ಹಾಕಿದವಳು. ಕಸ್ತೂರಿ ಗಂಡನ ಸನ್ಮಾನದ ವಸ್ತುವನ್ನು ದಾಟಿಸಿದವಳು. ಮೂವರೂ ರೊಟ್ಟಿ ಮುಗಿಸಿದರು. ಆಮೇಲೆ, ಯಾರೂ ಯಾರಿಗೂ ಹೇಳದಿದ್ದರೂ, ಮೂವರೂ ಒಟ್ಟಿಗೆ ತಲೆ ಎತ್ತಿ ನನ್ನ ಕಡೆ ನೋಡಿದರು.

"ಮಾಸ್ತರ್ರ," ಎಂದಳು ಇಂದಕ್ಕ ಬಹಳ ಮರ್ಯಾದೆಯಿಂದ. "ನಿಮ್ಮದು ಮರಿಯೂ ಸ್ವಭಾವ ಎಲ್ಲರಿಗೂ ಗೊತ್ತದ. ನಿಮ್ಮ ಸ್ಟೂಡೆಂಟ್ಸ್‌ಗೆ ಕರಕೊಂಡು ಬಂದು ಊಟ ಹಾಕಸಿ ಮರತ್ರಿ ಅಂದ್ರ ಯಾರೂ ಏನೂ ಅನ್ನಂಗಿಲ್ಲ. ದೊಡ್ಡ ಮನಸ್ಸಿನವರು ಅಂತಾರ."

"ಆದ್ರ ನಾ ಉಂಡಿಲ್ಲಲ್ರಿ."

"ನಿಮಗ ಪಕ್ಕಾ ನೆನಪದ?" ಎಂದಳು ಕಸ್ತೂರಿ.

ನನ್ನ ಆಯುಧದಿಂದ ನನ್ನನ್ನೇ ಇರಿದಳು. ಪಕ್ಕಾ ಎಂಬ ಪದ ನಾನು ಬಳಸುವುದಿಲ್ಲ.

ನಾನು "ಇರಬಹುದು" ಎಂದೆ. ಸಭೆ ಮುಗಿಯಿತು. ಸವಿತಾ ಗಂಡನಿಗೆ ಫೋನ್ ಮಾಡಿದಳು, ಅವನು ಔರಾದಿನಿಂದಲೇ ಮೊಬೈಲಿನಲ್ಲಿ ಎರಡನೇ ದಿನದ ಬಾಡಿಗೆ ಕಟ್ಟಿದ. ಕಸ್ತೂರಿಗೆ ಅವಳ ಇನ್ನೊಂದು ದಿನ ವಾಪಸ್ ಬಂತು. ಒಬ್ಬಳೇ ಯಾಕೆ, ನಾನೂ ಇರ್ತೇನಿ, ನಾನೂ ಚಹಾ ತರಿಸಿಕೊಂಡು ಕುಡಿದಿಲ್ಲ ಹುಟ್ಟಿದಾಗಿನಿಂದ, ಎಂದು ಇಂದಕ್ಕ ಹಾಸಿಗೆಯ ಮೇಲೆ ಕಾಲು ಚಾಚಿದಳು.

"ನೀವು ಮನಿಗೆ ನಡೀರಿ ಮಾಸ್ತರ್ರ. ನೀವು ಕುಂತ್ರ ಅಕೀ ಮತ್ತ ನಿಮಗ ನೀರು ಕೊಡಲಿಕ್ಕ ಏಳ್ತಾಳ."

ನಡೆದೆ. ಮೆಟ್ಟಿಲು ಇಳಿಯುವಾಗ ಮುಚ್ಚಿದ ಬಾಗಿಲಿನ ಹಿಂದೆ ಅಕ್ಕ ತಂಗಿ ನಗುವುದು ಕೇಳಿಸುತ್ತಿತ್ತು. ನೌಬಾದಕ್ಕೆ ಬಂದು, ಹೈದರಾಬಾದಿನಿಂದ ಇಷ್ಟು ಬೇಗ ಯಾಕೆ ಬಂದಿರಿ ಎಂದ ನೆರೆಯವರಿಗೆ ಏನೋ ಹೇಳಿ, ಅನ್ನ ಸಾರು ಮಾಡಿಕೊಂಡು ಉಂಡೆ. ನಿಜ ಹೇಳುತ್ತೇನೆ, ಬೇಸರವಾಗಲಿಲ್ಲ. ಒಬ್ಬ ಮನುಷ್ಯನ ನೆನಪನ್ನು ಅಡವಿಟ್ಟರೆ ಒಬ್ಬ ಹೆಂಗಸಿಗೆ ಒಂದು ದಿನ ಸಿಗುತ್ತದೆಂದರೆ ದುಬಾರಿಯೇನಲ್ಲ. ಅದರಲ್ಲೂ ನನ್ನ ನೆನಪಿಗೆ.

ಮೊನ್ನೆ ಭಾಲ್ಕಿಯಲ್ಲಿ ಇಂದಕ್ಕನ ಸೊಸೆಯ ಕುಬಸ, ಅಂದರೆ ಸೀಮಂತ. ಊಟದ ಸಾಲಿನಲ್ಲಿ ಕೂತಿದ್ದೆ. ಎದುರಿಗೆ ಕಾಶವ್ವತ್ತಿ.

"ಏನ್ ಮಾಸ್ತರ್ರ, ಎಂಟು ಮಂದಿನ್ನ ಕರಕೊಂಡು ಹೋಗಿ ಉಂಡು ಮರತ್ರಂತ. ಅದರಾಗ ಒಬ್ಬಾಂವ ಪೊಲೀಸ್ ಸಾಹೇಬ ಇದ್ನಂತ, ನಿಮ್ಮ ಸ್ಟೂಡೆಂಟು. ಎದ್ದು ಕಾಲಿಗೆ ಬಿದ್ನಂತ."

ಪೊಲೀಸ್ ಸಾಹೇಬ ಎಲ್ಲಿಂದ ಬಂದ? ನಾನು ಕಸ್ತೂರಿಯ ಕಡೆ ನೋಡಿದೆ. ಅವಳು ಸವಿತಾಳ ಕಡೆ ನೋಡಿದಳು. ಸವಿತಾ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದಳು.

"ಬಿಲ್ ನಾ ಕೊಡ್ತೇನಿ ಅಂತ ಅಂವಾ ಎಷ್ಟು ಅಂದ್ರೂ ನೀವು ಕೇಳಲಿಲ್ಲಂತಲ್ಲ," ಕಾಶವ್ವತ್ತಿ ಮುಂದುವರಿಸಿದಳು. "ಕಡೀಗೆ ಎಲ್ಲಾರಿಗೂ ಖೂಬಾನಿ ಕಾ ಮೀಠಾ ತರಸಿದ್ರಂತ. ನೀವು ಎರಡು ಸಲ ಹಾಕಸ್ಕೊಂಡ್ರಂತ. ಶುಗರ್ ಇದ್ದವರು, ಅಷ್ಟು ಉಣಬಾರದ್ರಿ."

ಸಾಲಿನಲ್ಲಿ ಎಲ್ಲರೂ ನಕ್ಕರು. ಪಕ್ಕದವರು, ಒಳ್ಳೆಯ ಗುರು ಇದ್ದರೆ ಹೀಗಿರಬೇಕು, ಎಂದರು. ನಾನು ತಲೆ ತಗ್ಗಿಸಿ ಹೋಳಿಗೆ ಮುರಿದೆ. ಬೇಡವೆಂದರೂ ಕಣ್ಣ ಮುಂದೆ ಒಂದು ಉದ್ದದ ಟೇಬಲ್ ಬಂತು. ಖಾಕಿ ತೊಟ್ಟ ಎತ್ತರದ ಹುಡುಗ ಎದ್ದು ಬರುವುದು ಕಂಡಿತು. ಅವನ ಹೆಸರು ನಾಲಿಗೆಯ ತುದಿಯಲ್ಲಿತ್ತು.

ನಾನು ಆ ರೆಸ್ಟೋರೆಂಟಿನಲ್ಲಿ ಉಂಡಿಲ್ಲ, ಇದನ್ನು ನನ್ನ ತರ್ಕ ಪೂರ್ತಿ ಒಪ್ಪುತ್ತದೆ. ಆದರೆ ಖೂಬಾನಿಗೆ ಅವತ್ತು ಸಕ್ಕರೆ ಸ್ವಲ್ಪ ಜಾಸ್ತಿಯಾಗಿತ್ತು.